ಕಿಟ್ಟದ ಗವಿಯೊಳಗಿನ ತಿದಿ

ದೀಪಾ ಜರಾ ಸಣ್ಣ ಮಾಡ್ರಿ. ಇದು ಎಲ್ಲಿಂದೋ ಹಾರಿ ಬಂದ ಸುದ್ದಿ ಅಲ್ಲ... ನಮ್ಮ ಸ್ವಾದರಮಾವ ಮಲ್ಲಿಕಾರ್ಜುನಪ್ಪಗ ಆಗಿದ್ದು.

ಬಗದಲ್ ಊರ ಹೊರಗ ಒಂದು ಹಾಳು ಬಾವಿ. ಬಾವಿ ದಾಟಿದ್ರ ಕೆಂಪು ಕಲ್ಲಿನ ಗುಡ್ಡ. ಪೊಲೀಸ್ ಆಕ್ಷನ್ ಮುಗದು ಇನ್ನಾ ಬಾಳ ದಿನ ಆಗಿರಲಿಲ್ಲ. ಭಾದ್ರಪದದ ಜಿಟಿಜಿಟಿ ಮಳಿ. ಊಟದ ಹೊತ್ತು ಮೀರಿತ್ತು. ಮಾವ ಕಂಬಳಿ ಕೊಪ್ಪಿ ಹಾಕ್ಕೊಂಡು, ಅದರೊಳಗ ರೊಟ್ಟಿ ಗಂಟು ಮುಚ್ಚಿಕೊಂಡು ಬಾವಿ ಬಾಜೂಕ ಹೊಂಟಿದ್ದ. ಕೈಯಾಗ ಕಂದೀಲು ಇಲ್ಲ. ಹಚ್ಚೋ ಧೈರ್ಯ ಇಲ್ಲ.

ಬಾವಿಯೊಳಗ ಕಪ್ಪಿ ವಟವಟ ಒದರತಿದ್ದವು. ಮಾವ ಹತ್ರ ಬಂದ ಕೂಡ್ಲೆ ಎಲ್ಲಾ ಗಪ್...

ಆಗ ಕೇಳಿಸ್ತು.

ಠಣ್... ಠಣ್... ಠಣ್...

ಉಳಿ ಮ್ಯಾಲ ಸುತ್ತಿಗಿ ಬಿದ್ದ ಸಪ್ಪಳ. ಗುಡ್ಡದ ಹೊಟ್ಟಿಯೊಳಗಿಂದ.

ಮಾವ ಗಕ್ಕನ ನಿಂತ. ದೆವ್ವಕ್ಕ ಹೆದರಿ ಅಲ್ಲ. ಗುಡ್ಡದ ಗವಿಯೊಳಗ ಯಾರು ಅಡಗ್ಯಾರ ಅಂತ ಅವನಿಗಿ ಗೊತ್ತಿತ್ತು. ಇಟ್ಟು ಬಂದಾಂವನೇ ಅಂವ. ‘ಈ ಸಾಹೇಬ ತಾನೂ ಸಾಯ್ತಾನ, ನನ್ನನ್ನೂ ಸಾಯಿಸ್ತಾನ’ ಅನಕೋತ ಕೆಸರಾಗ ಓಡಿದ.

ಸಾಹೇಬ್ರಂದ್ರ ಗೌಸೋದ್ದೀನ ಸಾಹೇಬ್ರು. ಹೈದರಾಬಾದಿನ ಒಂದು ಕಾಲೇಜಿನ್ಯಾಗ ಕಲಸೋರು. ಹಿಂದಕಿನ ಮಂದಿ ಕಲ್ಲು ಕಾಸಿ ಕಬ್ಬಿಣ ಹ್ಯಾಂಗ ತೆಗೀತಿದ್ರು, ಆ ಕಸಬು ಯಾಕ ಸತ್ತಿತು ಅಂತ ಹುಡುಕ್ಕೋತ ಊರೂರು ತಿರಗೋರು. ಹ್ವಾದ ವರ್ಷ ಸುಗ್ಗಿಯಾಗ ಬಗದಲಕ್ಕ ಬಂದು ಮಾವನ ಮನಿಯಾಗ ಇಳಿದಿದ್ರು. ಗುಡ್ಡದ ಬುಡಕ್ಕ ಗಾಜಿನಂಗ ಮಿಂಚೋ ಕರೀ ಹೆಂಟಿಗಳ ಗುಂಪಿ ಬಿದ್ದಿತ್ತು. ದನಾ ಕಾಯೋರು ಅದರ ಮ್ಯಾಲ ಕುಂತು ಬೀಡಿ ಸೇದೋರು. ಸಾಹೇಬ್ರು ಒಂದು ಹೆಂಟಿ ಎತ್ತಿ, ಎಳೀ ಕೂಸಿನಂಗ ಎರಡೂ ಕೈಯಾಗ ಹಿಡಕೊಂಡ್ರು.

"ಮಲ್ಲಪ್ಪಾ, ಇದು ಕಲ್ಲಲ್ಲ. ಕಿಟ್ಟ. ಕಬ್ಬಿಣ ಕಾಸಿ ತೆಗದ ಮ್ಯಾಲ ಉಳದ ಹೊಲಸು. ಇಲ್ಲೆಲ್ಲೋ ಭಟ್ಟಿ ಇರಬೇಕು ನೋಡು."

ಇಬ್ರೂ ಕೂಡಿ ಅಗದ್ರು. ಭಟ್ಟಿ ಸಿಕ್ತು, ಸುಟ್ಟು ಕೆಂಪಾದ ಗ್ವಾಡಿ. ತೊಗಲಿನ ತಿದಿಯಿಂದ ಗಾಳಿ ಊದೋ ಮಣ್ಣಿನ ಕೊಳವಿ ಸಿಕ್ಕವು. ಭಟ್ಟಿ ಹಿಂದ ಗುಡ್ಡಾ ಕೊರಕೊಂಡು ಹೋದ ಗವಿ. ಒಬ್ಬ ಮನಶಾ ಬಗ್ಗಿ ಹೋಗಬೇಕು, ಅಷ್ಟೇ. ಸ್ವಲ್ಪ ಮುಂದ ಹೋದ್ರ ಗಟ್ಟಿ ಕಲ್ಲು. ಬಂದ್.

"ಇದ್ದಕ್ಕಿದ್ದಂಗ ಕೆಲಸಾ ಬಿಟ್ಟಾರ. ಯಾಕ ಬಿಟ್ರು?" ಮನಿಗಿ ಬಂದ್ರೂ ಸಾಹೇಬ್ರಿಗಿ ಅದೇ ಹುಚ್ಚು. "ಅವರಾಗ ಒಬ್ಬ ಸಿಕ್ಕಿದ್ರೂ ಕೇಳ್ತಿದ್ನಿ."

"ಸತ್ತವರನ್ನ ಹಂಗ ಕರೀಬಾರದ್ರಿ," ಅಂದಿದ್ದಳು ಶಿವಕಾಂತಾ ಅತ್ತಿ, ರೊಟ್ಟಿ ಬಡಕೋತ.

ಆಮ್ಯಾಲ ಕಾಲಾ ಕೆಟ್ಟಿತು. ರಜಾಕಾರರು ಬಂದ್ರು, ಸುಲದ್ರು, ಸುಟ್ಟರು. ಮಿಲ್ಟ್ರಿ ಬಂತು, ನಿಜಾಮ ಶರಣಾದ. ಮುಗೀತು ಅನ್ನೋದ್ರಾಗ ಸೇಡು ಸುರು ಆಯ್ತು. ಯಾರು ಮಾಡ್ಯಾರ, ಯಾರು ಮಾಡಿಲ್ಲ ಅಂತ ಕೇಳೋರಿಲ್ಲ... ಹೆಸರು ಕೇಳೋದು, ಹೊಡಿಯೋದು. ಬೀದರಿಗಿ ಬಂದು ಸಿಕ್ಕೊಂಡಿದ್ದ ಸಾಹೇಬ್ರು ಒಂದಿನ ತೊಯ್ಸಿಕೊಂಡು ಬಂದು ಮಾವನ ಬಾಗಲಾ ಬಡದ್ರು. ಅತ್ತಿ ಒಣ ಧೋತರಾ ತಂದು ಕೊಟ್ಟಳು. ಬೆಳಗಾಗೋದ್ರಾಗ ಮಾವ ಅವರನ್ನ ಗವಿಯೊಳಗ ಬಿಟ್ಟು ಬಂದಿದ್ದ.

ಈಗ ಅದೇ ಗವಿಯೊಳಗಿಂದ ಠಣ್... ಠಣ್...

ಮಾವ ಗವಿ ಬಾಯಿಗಿ ಬಂದು ಕುಂತ. ಪಿಸುಗುಟ್ಟಿದ.

"ಸಾಹೇಬ್ರ... ಸಪ್ಪಳಾ ಯಾಕ ಮಾಡ್ಲಿಕತ್ತೀರಿ? ಬಾವಿ ತನಾ ಕೇಳಸ್ತದರಿ!"

ಸಪ್ಪಳ ನಿಲ್ಲಲಿಲ್ಲ.

ಅವನ ಮಗ್ಗಲದಾಗೇ, ಕತ್ತಲದಾಗ, ಸಾಹೇಬರ ದನಿ ಬಂತು.

"ಮಲ್ಲಪ್ಪಾ... ನಾ ಇಲ್ಲಿ ಅದೀನಿ."

ಮಾವ ದನಿ ಬಂದ ಕಡಿ ಹೊಳ್ಳಿದ.

"ಹಂಗಾದ್ರ... ಒಳಗ ಯಾರ್ರಿ?"

"ಗೊತ್ತಿಲ್ಲ. ನಿನ್ನೆಯಿಂದ ಹೊಡ್ಯಾಕತ್ಯಾರ. ಕಲ್ಲಿನ ಆಚಿ ಕಡಿಂದ."

"ಎದ್ದು ಬರ್ರಿ. ನಮ್ಮ ಕೊಟಗ್ಯಾಗ ಇರ್ರಿ."

"ಬ್ಯಾಡ. ನಿಮ್ಮ ಮನಿಯಾಗ ಹೆಣ್ಣುಮಕ್ಕಳದಾರ. ನನ್ನ ಸಲುವಾಗಿ ಅವರಿಗ್ಯಾಕ..." ಸಾಹೇಬ್ರು ರೊಟ್ಟಿ ಗಂಟು ಇಸಕೊಂಡ್ರು. ಗಂಟು ಬಿಚ್ಚದೇ ಮತ್ತ ಆ ಸಪ್ಪಳದ ಕಡಿ ತಿರಗಿ ಕುಂತ್ರು. ಅಂಜಿಕಿಗೋ, ಖುಷಿಗೋ... ಮಾವನಿಗಿ ತಿಳೀಲಿಲ್ಲ.

ಮರುದಿನ ರೊಟ್ಟಿ ಒಯ್ದಾಗ ಸುತ್ತಿಗಿ ಸಪ್ಪಳ ಇರಲಿಲ್ಲ. ಬ್ಯಾರೆ ಇತ್ತು.

ಹುಸ್ಸ್... ಹಾಸ್ಸ್... ಹುಸ್ಸ್... ಹಾಸ್ಸ್...

ಗವಿ ತುಂಬ ಇದ್ದಲಿ ವಾಸನಿ. ಬೆಂಕಿ ಮಾತ್ರ ಎಲ್ಲೂ ಇಲ್ಲ. ಸಾಹೇಬ್ರು ಮಾವನ ರಟ್ಟಿ ಹಿಡದ್ರು.

"ತಿದಿ ಊದ್ಲಿಕತ್ಯಾರ. ಕೇಳು... ಎರಡು ತಿದಿ. ಒಂದು ಎಳದಾಗ ಒಂದು ಬಿಡ್ತದ. ನಾ ಒಂದೇ ಅಂತ ತಿಳಕೊಂಡಿದ್ನಿ. ತಪ್ಪು ತಿಳಕೊಂಡಿದ್ನಿ."

"ಸಾಹೇಬ್ರ, ಈಗ ಅದೆಲ್ಲಾ ಯಾಕ ಬೇಕ್ರಿ..."

"ನಾ ಕೇಳದ್ನಿ ಮಲ್ಲಪ್ಪಾ."

"ಏನು ಕೇಳದ್ರಿ?"

"ಕೆಲಸಾ ಯಾಕ ಬಿಟ್ರಿ ಅಂತ."

ಹುಸ್ಸ್... ಹಾಸ್ಸ್...

"ಏನಂದ್ರು?"

ಸಾಹೇಬ್ರು ದನಿ ಸಣ್ಣ ಮಾಡಿದ್ರು. "ಬಿಟ್ಟಿಲ್ಲ ಅಂದ್ರು. ಯಾವುದೋ ದಂಡು ಬಂದಿತ್ತಂತ, ಊರು ಸುಡ್ಲಿಕ್ಕ. ಇವರು ಅಡಗಲಿಕ್ಕ ಒಳಗ ಬಂದು, ಬಾಯಿಗಿ ಕಲ್ಲು ಕೆಡವಿಕೊಂಡ್ರಂತ. ದಂಡು ಇನ್ನಾ ಹೋಗಿಲ್ಲೇನು ಅಂತ... ನನ್ನನ್ನೇ ಕೇಳಿದ್ರು."

ಮಾವ ರೊಟ್ಟಿ ಅಲ್ಲೇ ಇಟ್ಟು, ಖಾಲಿ ಅರಿವಿ ಹಿಡಕೊಂಡು ಎದ್ದ. ಶಿವಾ ಶಿವಾ ಅನಕೋತ ಗುಡ್ಡಾ ಇಳದ. ಬಾವಿ ಹತ್ರ ಬಂದ.

ಬಾವಿ ಕಟ್ಟಿ ಮ್ಯಾಲ ಮಂದಿ ಕುಂತಿದ್ರು. ಒಬ್ಬ ಪಂಜು ಎತ್ತಿ ಹಿಡದ. ಕೊಡ್ಲಿ ಮಿಂಚಿದವು. ನಮ್ಮ ಊರವರಲ್ಲ. ಮುಂದಿದ್ದಾಂವ ನರಸಿಂಗ. ಅವನ ಅಣ್ಣನ್ನ ರಜಾಕಾರರು ಕೊಂದಿದ್ರು. ಅವತ್ತಿನಿಂದ ನಿದ್ದಿ ಇಲ್ಲದ ಕಣ್ಣು, ಕೆಂಡದಂಗ ಇದ್ದವು.

"ಗೌಡ್ರ, ಕೈಯಾಗ ಖಾಲಿ ಅರಿವಿ ಅದಲ್ಲ. ರೊಟ್ಟಿ ಯಾರಿಗಿ ಕೊಟ್ಟು ಬಂದ್ರಿ?"

ಮಾವ ಅರಿವಿ ಕಂಬಳಿಯೊಳಗ ಸೇರಿಸಿದ.

"ಇಲ್ಲಿ ಹೇಳ್ತೀರೋ... ಮನಿ ಕಡಿ ಹೋಗಿ ನಿಮ್ಮ ಮನಿಯವರನ್ನ ಕೇಳೋಣೋ?"

ಮಾವನ ಕಾಲು ಗುಡ್ಡದ ಕಡಿ ತಿರಗಿದವು. ಬಾಯಿ ಹೇಳಲಿಲ್ಲ. ಕಾಲು ಹೇಳಿದವು.

ದಾರಿ ತುಂಬ ಜೋರಾಗಿ ಕೆಮ್ಮಿಕೋತ ಹೋದ. ಸಾಹೇಬ್ರು ಕೇಳಲಿ, ಓಡಲಿ ಅಂತ. ಆದ್ರ ಗವಿಗಿ ಇರೋದು ಒಂದೇ ಬಾಯಿ. ಎಲ್ಲಿ ಓಡ್ಬೇಕು?

ಅವನನ್ನೇ ಮುಂದ ದೂಡಿ ಒಳಗ ಹೊಕ್ಕರು. ಪಂಜಿನ ಬೆಳಕಿಗಿ ಗವಿ ರಗತದಂಗ ಕೆಂಪಗ ಕಂಡಿತು. ನೆಲದ ಮ್ಯಾಲ ಕಂಬಳಿ. ಮುರದ ರೊಟ್ಟಿ. ಒಂದು ತುತ್ತು ಕಡದಿದ್ದು ಇನ್ನಾ ಹಸಿ ಇತ್ತು. ಮುಂದ ಗಟ್ಟಿ ಕಲ್ಲು.

ಯಾರೂ ಇಲ್ಲ.

"ಎಲ್ಲಿ ಹೋದ?" ನರಸಿಂಗ ಪಿಸುಗುಟ್ಟಿದ. ಯಾಕ ಪಿಸುಗುಟ್ಟಿದನೋ, ಅವನಿಗೇ ಗೊತ್ತಿಲ್ಲ. ಕೊಡ್ಲಿ ತಿರಗಿಸಿ ಅದರ ಬೆನ್ನಿಲೆ ಕಲ್ಲಿಗಿ ಒಂದು ಏಟು ಹಾಕಿದ.

ಠಣ್.

ಆಚಿ ಕಡಿಂದ ತಿರಗಿ ಒಂದು ಏಟು ಬಂತು.

ಠಣ್.

ಆಮ್ಯಾಲ ಆ ಸಪ್ಪಳ... ಹುಸ್ಸ್... ಹಾಸ್ಸ್... ಪಂಜಿನ ಉರಿ ಎಲ್ಲಾ ಕಲ್ಲಿನ ಕಡಿ ಬಾಗಿತು. ಗಾಳಿ ಒಳಗ ಎಳಕೊಂಡಂಗ. ಬಾಗಿ ಬಾಗಿ... ಫಕ್ ಅಂತ ಆರಿತು.

ಒಬ್ಬರ ಮ್ಯಾಲ ಒಬ್ಬರು ಬಿದ್ದು ಓಡಿದ್ರು. ಹೊರಗ ಬಂದಾಗ ನರಸಿಂಗ ಮಾವನ ಕಂಬಳಿ ಚುಂಗು ಹಿಡಕೊಂಡಿದ್ದ.

"ಒಳಗ... ಮಂದಿ ಬಾಳ ಅದಾರ," ಅಂದ. ಅಷ್ಟೇ ಅಂದ. ಅವನ ಗುಂಪು ಮತ್ತ ಬಗದಲ್ ಕಡಿ ಬರಲಿಲ್ಲ.

ಬೆಳಗಾದ ಮ್ಯಾಲ ಮಾವ ಒಬ್ಬನೇ ಹೋಗಿ ನೋಡಿದ. ಹೆಣಾ ಇಲ್ಲ, ರಗತದ ಹನಿ ಇಲ್ಲ, ಕಲ್ಲಿನ್ಯಾಗ ಒಂದು ಬಿರುಕಿಲ್ಲ. ಬಾವಿಯೊಳಗ ಪಾತಾಳಗರಡಿ ಹಾಕಿ ಜಾಲಾಡಿಸಿದ. ಹೊಲಾ, ಹಳ್ಳಾ ಎಲ್ಲಾ ತಿರಗಿದ. ಅವತ್ತಿನಿಂದ ಅವನಿಗಿ ಊಟ ಸೇರಲಿಲ್ಲ. ನಿದ್ದಿಗಣ್ಣಾಗ ಎದ್ದು ಕುಂತು, "ನಾ ತೋರಿಸಿದ್ನಿ, ನಾನೇ ತೋರಿಸಿದ್ನಿ" ಅಂತಿದ್ದ. ಅತ್ತಿ ಅವನ ಕಾಲು ಒತ್ತಿಕೋತ ಕೂಡೋಕಿ.

ಥಂಡಿ ದಿನದಾಗ ಒಂದು ಮುಂಜಾನೆ ಬೀದರಿನಿಂದ ಟಾಂಗಾ ಬಂತು. ಇಳದಾಕಿ ಕುಬರಾ ಬೇಗಂ, ಸಾಹೇಬರ ಹೆಂಡತಿ. ಗಂಡ ಬಗದಲ್‌ದಾಗ ಹ್ವಾದ ಅಂತ ಅಕಿಗಿ ಸುದ್ದಿ ಮುಟ್ಟಿತ್ತು. ಬಿಳೀ ಚಾದರ ಹೊತ್ತಿದ್ದಳು, ಒಗದು ಮಡಿ ಮಾಡಿದ್ದು, ಒಂದು ಕಲೀನೂ ಇಲ್ಲ. ಕೈ ತುಂಬ ಹಸರು ಬಳಿ. ಗಂಡ ಸತ್ತ ಜಾಗಾ ನೋಡಿ, ಅಲ್ಲೇ ಬಳಿ ಒಡಕೊಳ್ಳಲಿಕ್ಕ ಬಂದೀನಿ ಅಂದಳು.

ಮಾವ ಏನೂ ಮುಚ್ಚಿಡಲಿಲ್ಲ. ಎಲ್ಲಾ ಹೇಳಿದ.

"ಅವರಿಗಿ ದಾರಿ ತೋರಿಸಿದ್ದು ನೀವೇ?" ಕೇಳಿದಳು.

ಮಾವ ತಲಿ ತಗ್ಗಿಸಿದ. "ಹೌದ್ರಿ ಅಮ್ಮಾ."

ಅಕಿ ಬೈಯಲಿಲ್ಲ. ಅಳಲಿಲ್ಲ. ಎದ್ದು ನಿಂತಳು. "ನನಗೂ ತೋರಸ್ರಿ."

ಗವಿ ಬಾಯಿಗಿ ಹೋದ ಮ್ಯಾಲ, ನೀವು ಹೊರಗೇ ನಿಂದರ್ರಿ ಅಂತ ಒಬ್ಬಾಕೀನೇ ಒಳಗ ಹೋದಳು. ಮಾವ, ಅತ್ತಿ ಬಿಸಲಾಗ ನಿಂತ್ರು. ಬಿಸಲು ನೆತ್ತಿಗಿ ಬಂತು. ಒಳಗಿಂದ ಸುತ್ತಿಗಿ ಇಲ್ಲ, ತಿದಿ ಇಲ್ಲ, ಅಳೋ ದನಿ ಇಲ್ಲ. ಅತ್ತಿ ತಡಕೊಳ್ಳಲಾರದ ಇನ್ನೇನು ಕರೀಬೇಕು ಅನ್ನೋದ್ರಾಗ ಅಕಿ ಬಗ್ಗಿ ಹೊರಗ ಬಂದಳು. ಮಾರಿ ಕೆಂಪಗಾಗಿತ್ತು. ಹಣಿ ಮ್ಯಾಲ ಬೆವರು... ಆ ಥಂಡಿಯಾಗ.

ಬಳಿ ಕೈಯಾಗ ಹಂಗೇ ಇದ್ದವು.

ನೀರು ಬೇಡಿದಳು. ಅತ್ತಿ ತಂದಿದ್ದ ತಂಬಿಗಿ ನೀರು ಪೂರಾ ಕುಡದಳು. ಇನ್ನಾ ಬೇಡಿದಳು.

"ಅಮ್ಮಾ... ಒಳಗ ಏನು..." ಮಾವ ಕೇಳಿದ.

ಅಕಿ ಅವನ ಮಾರಿ ನೋಡಿದಳು. "ನೀವು ನಿದ್ದಿ ಮಾಡ್ರಿ, ಭಾಯಿ," ಅಂದಳು. ಮಾವನಿಗಿ ಮಾತ್ರ ಸಾಯೋತನಕ ಸರಿಯಾಗಿ ನಿದ್ದಿ ಬರಲಿಲ್ಲ.

ಟಾಂಗಾ ಹತ್ತೋ ಮುಂದ ಚಾದರದ ಅಂಚು ಮಣ್ಣಿಗಿ ಬೀಳತದಂತ ಅತ್ತಿ ಎತ್ತಿ ಹಿಡದಳು. ಬಿಳೀ ಬಟ್ಟಿ ತುಂಬ ಸಣ್ಣ ಸಣ್ಣ ತೂತು. ಒಂದೊಂದರ ಸುತ್ತಲೂ ಕಪ್ಪು. ಬೆರಳು ಇಟ್ಟಳು, ಇನ್ನಾ ಬೆಚ್ಚಗಿದ್ದವು... ಕಮ್ಮಾರ ಸಾಲಿಯಾಗ ಕುಂತವರ ಅರಿವಿಗಿ ಕಿಡಿ ಸಿಡದು ಸುಡ್ತಾವಲ್ಲ, ಹಂಗ.

ಶಿವಕಾಂತಾ ಅತ್ತಿ ಸುಳ್ಳು ಆಡೋ ಹೆಣ್ಣಲ್ಲರಿ. ತನ್ನ ಕೈಲೆ ಮುಟ್ಟಿ ನೋಡ್ಯಾಳ.