ತೊಟ್ಟಿಲೊಳಗಿನ ಚಾಕು

"ಹಲೋ… ಹಲೋ, ಯಾರು ಮಾತಾಡೋದ್ರಿ?… ಹಾಂ? ಜರಾ ಜೋರಾಗಿ ಹೇಳ್ರಿ, ಕೇಳವಲ್ದು… ಹುಮನಾಬಾದಿನಿಂದ? ಯಾರು, ಮೀರಾಬಾಯಿ ಅಕ್ಕಾರಾ?"

ರೊಟ್ಟಿ ಬಡಿಯುತ್ತಿದ್ದ ಶಕುಂತಲಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. ಬಸವಕಲ್ಯಾಣದ ಅವರ ಓಣಿಗೆಲ್ಲ ಫೋನು ಇದ್ದದ್ದು ಬಕ್ಕಪ್ಪನ ಕಾಳಿನ ಅಂಗಡಿಯಲ್ಲಿ ಮಾತ್ರ. ಟ್ರಂಕ್ ಕಾಲ್ ಬಂದಿದೆ ಎಂದರೆ ಯಾರೋ ಹೋದರು ಎಂದೇ ಎದೆ ಹಾರುತ್ತಿದ್ದ ಕಾಲ ಅದು. ಹಿಟ್ಟು ಮೆತ್ತದಿರಲೆಂದು ರಿಸೀವರನ್ನು ಸೆರಗಿನಿಂದ ಹಿಡಿದು ಕಿವಿಗೆ ಒತ್ತಿಕೊಂಡಿದ್ದಳು. ದನಿ ಮಗಳು ನೀಲಾಂಬಿಕಾಳ ಅತ್ತೆಯದು.

…

"ಎಲ್ಲಾರೂ ಆರಾಮ ಇದ್ದೀರಲ್ರಿ? ನೀಲಾ? ಕೂಸು?… ಆರಾಮ ಅದ. ಹಾಂ, ಅಷ್ಟು ಹೇಳಿದ್ರಲ್ಲ, ಸಾಕು… ಮತ್ತ ಯಾಕ್ರಿ ಇಷ್ಟು ಸಿಟ್ಟು?… ಮೋಸ? ನಾವೇನು ಮೋಸ ಮಾಡೀವ್ರಿ?"

ಮೋಸ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾಳು ಕೊಳ್ಳಲು ಬಂದವರು ಇತ್ತ ತಿರುಗಿದರು. ಬಕ್ಕಪ್ಪ ಎತ್ತಿದ ತಕ್ಕಡಿಯನ್ನು ಕೆಳಗಿಟ್ಟ. ಶಕುಂತಲಾಬಾಯಿ ಗೋಡೆಗೆ ಮುಖ ಮಾಡಿ ನಿಂತಳು.

…

"ಚಾಕೂನಾ? ಕೂಸಿನ ದಿಂಬಿನ ಕೆಳಗ ಇಡಾಕ ಕೊಟ್ಟಿದ್ದಾ?… ಹೌದ್ರಿ, ನಮ್ಮನಿಯವರದೇ… ಅಲ್ರಿ ಅಕ್ಕಾರ, ಕೋಡಲ್ಲ ಅದು… ಎಮ್ಮಿ ಕೋಡು ನಾವ್ಯಾಕ ಇಡ್ತೀವ್ರಿ? ನಾವೂ ಲಿಂಗ ಕಟ್ಟಿದವರೇ, ಅಲ್ಲೇನ್ರಿ?"

ಬಾಣಂತನ ಮುಗಿದು ಮಗಳು ಗಂಡನ ಮನೆಗೆ ಹೊರಟಾಗ ತೊಟ್ಟಿಲಿನ ಜೊತೆ ಆ ಮಡಚುವ ಚಾಕುವನ್ನೂ ಕಳಿಸಿದ್ದಳು. ಕೂಸಿಗೆ ಹಲ್ಲು ಬರುವ ತನಕ ತಲೆಯ ಕೆಳಗೆ ಕಬ್ಬಿಣ ಇರಬೇಕು, ನಡುವೆ ಅದನ್ನು ಸರಿಸಬಾರದು ಎಂಬುದು ಎರಡೂ ಮನೆಗಳ ಪದ್ಧತಿ. ಚಾಕು ತೀರಿಕೊಂಡ ಗಂಡ ಬಸವಣಪ್ಪನದು. ಚೀಲದ ಸುತಳಿ ಕೊಯ್ಯಲು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಅದರ ಹಳೆಯ ಹಿಡಿ ಸೀಳಿದಾಗ ಶಕುಂತಲಾಬಾಯಿ ಮುರಿದ ಮಂಚದ ಸೀಸಂ ಮರದ ಕಾಲನ್ನು ಕೊಯ್ಯಿಸಿ, ಎರಡೂ ಮಗ್ಗುಲಿಗೆ ಹೊಸ ಪಟ್ಟಿ ಹಾಕಿಸಿದ್ದಳು. ಅಂಗೈಗೆ ಒತ್ತದಿರಲೆಂದು ಮೂಲೆಗಳನ್ನು ತಾನೇ ಗಾಜಿನ ಚೂರಿನಿಂದ ಹೆರೆದಿದ್ದಳು. ಅಮಾವಾಸ್ಯೆಗೊಮ್ಮೆ ಕುಸುಬಿ ಎಣ್ಣೆ ತಿಕ್ಕಿ ತಿಕ್ಕಿ ಕಟ್ಟಿಗೆ ಕಪ್ಪಗಾಗಿ ಮಿಂಚುತ್ತಿತ್ತು. ಆ ಮಿಂಚೇ ಈಗ ಮೀರಾಬಾಯಿಯ ಕಣ್ಣಿಗೆ ಎಮ್ಮೆಯ ಕೋಡಾಗಿತ್ತು.

…

"ಸೀಸಂ ಕಟಗಿ ಅಂತ ಹೇಳಾಕತ್ತೀನಲ್ರಿ… ಕಟುಕರ ಮನಿ ಅಂತೀರಾ? ನೀವು ದೊಡ್ಡವರು, ಅನ್ರಿ. ಆದ್ರ ಸತ್ತವರ ಹೆಸರು ತಗೀಬ್ಯಾಡ್ರಿ… ಗಂಡಸಿಲ್ಲದ ಮನಿ ಅಂತ ಹೆಣ್ಣು ತರುವಾಗ ಗೊತ್ತಿರಲಿಲ್ಲೇನ್ರಿ?… ಹಾಂ, ಬೆಳದದ ನನ್ನ ನಾಲಿಗಿ. ನಿಮ್ಮ ದುಕಾನದ ಬ್ಯಾಳ್ಯಾಗ ಎಷ್ಟು ಹಳ್ಳು ಇರ್ತಾವಂತ ಕಲ್ಯಾಣದ ಮಂದಿಗೂ ಗೊತ್ತದ. ನಾ ಯಾವತ್ತರ ಅಂದೀನೇನು?"

ಬಕ್ಕಪ್ಪನ ಮೀಸೆಯ ಅಡಿಯಲ್ಲಿ ನಗೆ ಸುಳಿಯಿತು. ಬೇಳೆ ವ್ಯಾಪಾರದಲ್ಲಿ ಹುಮನಾಬಾದಿನವರ ಮೇಲೆ ಅವನಿಗೂ ಹಳೆಯ ಸಿಟ್ಟಿತ್ತು. ಆ ಕಡೆಯ ದನಿ ಮಾತ್ರ ಇನ್ನಷ್ಟು ಏರಿತು. ಸೊಸೆಯನ್ನು ತವರಿಗೆ ಅಟ್ಟುವ ಮಾತು ಬಂತು, ಮಠದ ಅಯ್ಯನವರ ಮುಂದೆ ಪಂಚಾಯ್ತಿ ಮಾಡಿಸುವ ಮಾತೂ ಬಂತು. ಕೊನೆಗೆ ಬಂದ ಮಾತಿಗೆ ಶಕುಂತಲಾಬಾಯಿ ತಟ್ಟನೆ ನಡುವೆ ಬಾಯಿ ಹಾಕಿದಳು.

…

"ಏನು ಮಾಡಿದ್ರಿ?… ನಿಮ್ಮ ದುಕಾನದ ಹಮಾಲನ ಕೈಲಿ ಕಿತ್ತಿಸಿದ್ರಾ? ಹಿಡೀನಾ?… ಎರಡೂ ಕಡೀದಾ?… ಒಂದೇ ಕಡೀದು. ಇನ್ನೊಂದು ಬರಲಿಲ್ಲ… ಮತ್ತ ಚಾಕು ಎಲ್ಲದ್ರಿ ಈಗ?… ಕಬ್ಬಿಣ ಸರಸಬಾರದಂತ… ಅಲ್ಲೇ ಇಟ್ರಾ? ಕೂಸಿನ ದಿಂಬಿನ ಕೆಳಗ?"

ಮೀರಾಬಾಯಿ ತನ್ನ ಲೆಕ್ಕದಲ್ಲಿ ಎರಡೂ ನೇಮ ಪಾಲಿಸಿದ್ದಳು. ಲಿಂಗಪೂಜೆಯ ಮನೆಯಲ್ಲಿ ಕೋಡು ಇರಕೂಡದೆಂದು ಇಕ್ಕಳ ಹಾಕಿ ಹಿಡಿ ಕೀಳಿಸಿದ್ದಳು. ಕೂಸಿನ ತಲೆಯಿಂದ ಕಬ್ಬಿಣ ಸರಿಯಬಾರದೆಂದು ಉಳಿದದ್ದನ್ನು ಮಡಚಿ ಮತ್ತೆ ಅಲ್ಲೇ ಇಟ್ಟಿದ್ದಳು.

ಆ ಚಾಕುವಿನ ಒಳಗನ್ನು ಶಕುಂತಲಾಬಾಯಿ ಕಂಡಿದ್ದಳು. ಬೆನ್ನಿನ ಕಡೆಯ ಸ್ಪ್ರಿಂಗ್ ಅಲಗನ್ನು ಒತ್ತಿ ಮುಚ್ಚಿಡುತ್ತದೆ. ಆ ಸ್ಪ್ರಿಂಗನ್ನು ಹಿಡಿದಿರುವುದು ಈ ಪಟ್ಟಿಯಿಂದ ಆ ಪಟ್ಟಿಗೆ ಬಡಿದ ಮೊಳೆಗಳು. ಒಂದು ಪಟ್ಟಿಯನ್ನು ಕಿತ್ತರೆ ಮೊಳೆ ಅಲ್ಲಾಡುತ್ತದೆ, ಸ್ಪ್ರಿಂಗ್ ಸಡಿಲಾಗುತ್ತದೆ, ಅಲಗು ತನ್ನಷ್ಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ಕೂಸು ಈಗೀಗ ಮಗ್ಗುಲು ಹೊರಳಲು ಕಲಿಯುತ್ತಿತ್ತು.

…

"ಅಕ್ಕಾರ, ನಿಮಗ ಕೈ ಮುಗೀತೀನಿ, ಮೊದಲ ಆ ಚಾಕು ತಗೀರಿ… ಕೋಡಿನ ಮಾತು ಆಮ್ಯಾಲ… ಇಲ್ರಿ, ಮಾತು ಹಾರಸಾಕತ್ತಿಲ್ಲ. ಹಿಡಿ ಕಿತ್ತ ಮ್ಯಾಲ ಅದು ಮುಚ್ಕೊಂಡು ನಿಲ್ಲಂಗಿಲ್ಲ, ತೆರಕೋತದ… ಕೂಸು ಎಲ್ಲದ?… ತೊಟ್ಟಿಲದಾಗ. ನೀಲಾ?… ಬಾವಿಗಾ? ಮತ್ತ ಕೂಸಿನ ಹತ್ರ ಯಾರಿದ್ದಾರ?… ಯಾರೂ ಇಲ್ಲ?"

ಹುಮನಾಬಾದಿನ ಆ ಮನೆಯನ್ನು ಅವಳು ಬಲ್ಲಳು. ಫೋನು ಮುಂದಿನ ದುಕಾನಿನಲ್ಲಿ, ತೊಟ್ಟಿಲು ಅಂಗಳ ದಾಟಿ ಒಳಕೋಣೆಯಲ್ಲಿ. ಕೂಸು ಅತ್ತರೂ ದುಕಾನಿಗೆ ಕೇಳಿಸದು. ಮೀರಾಬಾಯಿಗೆ ಇದೆಲ್ಲ ನೆವ ಎನಿಸಿತು. ಕೋಡೆಂದು ಒಪ್ಪಿಕೊಳ್ಳದೆ ತನ್ನನ್ನು ಫೋನಿನಿಂದ ಎಬ್ಬಿಸುವ ಹೂಟ ಎನಿಸಿತು. ಮೊದಲು ತಪ್ಪು ಒಪ್ಪಿಕೋ, ಆಮೇಲೆ ಏಳುತ್ತೇನೆ ಎಂದಳು.

…

"ಈಗ ಹಟ ಮಾಡೋ ಹೊತ್ತಲ್ರಿ ಇದು… ಏನಂತ ಒಪ್ಕೋಬೇಕು?… ಜೋರಾಗಿ? ಇಲ್ಲಿ ಅಂಗಡ್ಯಾಗ ಮಂದಿ ಇದ್ದಾರ್ರಿ… ಇದ್ದಾರಂತನೇ ಅಂತೀರಾ… ಅಂದ್ರ ಹೋಗ್ತೀರಾ? ಈಗಿಂದೀಗ ಎದ್ದು ಹೋಗ್ತೀರಾ?"

ಅವಳು ಗೋಡೆ ಬಿಟ್ಟು ಈಚೆ ತಿರುಗಿದಳು. ಬಕ್ಕಪ್ಪ ಇದ್ದ, ಅವನ ಹಮಾಲ ಲಾಲಪ್ಪ ಇದ್ದ, ಅದೇ ಓಣಿಯ ಇಬ್ಬರು ಹೆಂಗಸರಿದ್ದರು. ಇಲ್ಲಿ ಆಡಿದ್ದು ಸಂಜೆಯೊಳಗೆ ಮಠದ ತನಕ ಮುಟ್ಟುತ್ತದೆ. ಮನೆಯಲ್ಲಿ ಕಿರಿಯ ಮಗಳ ಸಂಬಂಧದ ಮಾತು ಇನ್ನೂ ನಡೆದೇ ಇತ್ತು. ಇದೆಲ್ಲ ಅವಳಿಗೆ ಒಂದೇ ಉಸಿರಿನಲ್ಲಿ ಹೊಳೆಯಿತು. ಆ ಉಸಿರಿನಲ್ಲೇ ಹೇಳಿಬಿಟ್ಟಳು.

"ಹೌದ್ರಿ. ಅದು ಕೋಡೇ. ಎಮ್ಮಿ ಕೋಡಿನ ಹಿಡಿ. ಗೊತ್ತಿದ್ದೇ ಕಳಿಸೀನಿ. ತಪ್ಪು ನಂದೇ… ಹೋಗ್ರಿ ಈಗ. ಅಕ್ಕಾರ, ಓಡ್ರಿ."

…

ರಿಸೀವರನ್ನು ಹಲಗೆಯ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ಬರೀ ಗುಂಯ್ ಎನ್ನುವ ತಂತಿ. ಜೋಳ ಕೊಳ್ಳಲು ನಿಂತಿದ್ದ ಹೆಂಗಸು ತನ್ನ ಸೆರಗನ್ನು ಒತ್ತಟ್ಟಿಗೆ ಎಳೆದುಕೊಂಡು ದೂರ ಸರಿದಳು. ಬಕ್ಕಪ್ಪ ಏನೂ ಕೇಳಿಸದವನಂತೆ ಖಾಲಿ ತಕ್ಕಡಿಯನ್ನು ಒರೆಸಿದ. ಮೂರು ನಿಮಿಷ ಆಯಿತು ಎಂದು ಎಕ್ಸ್‌ಚೇಂಜಿನ ಹುಡುಗಿ ನಡುವೆ ಬಂದಳು.

"ಕಟ್ ಮಾಡಬ್ಯಾಡವ್ವ… ಅವರು ಒಳಗ ಹೋಗ್ಯಾರ, ಬರ್ತಾರ. ಇನ್ನಷ್ಟು ಹೊತ್ತು ಬಿಡು, ನಿನ್ನ ಹೊಟ್ಟಿ ತಣ್ಣಗಿರಲಿ."

…

"ಹಲೋ… ಹಲೋ? ಯಾರು, ನೀವೇ ಏನ್ರಿ?… ಮಾತಾಡ್ರಿ. ಅಕ್ಕಾರ, ಮಾತಾಡ್ರಿ… ಅಳಾಕತ್ತದ, ಹಾಂ, ಕೇಳಾಕತ್ತದ ನನಗ. ಎಲ್ಲ್ಯಾದ್ರೂ ತಾಗ್ಯದೇನ್ರಿ? ಕಿವಿ ಹಿಂದ ನೋಡ್ರಿ, ಕುತ್ತಿಗಿ ನೋಡ್ರಿ… ಇಲ್ಲ? ಅಂಗಿ ಬಿಚ್ಚಿ ನೋಡಿದ್ರಾ?… ಎಲ್ಲೂ ಇಲ್ಲ… ದಿಂಬು ಹರದದ. ಕೌದಿ?… ಕೌದೀನೂ. ಇರ್ಲಿ, ಇರ್ಲಿ ಬಿಡ್ರಿ. ನಾ ಹೊಲದು ಕೊಡ್ತೀನಿ."

ಅವಳು ಬೆನ್ನನ್ನು ಗೋಡೆಗೆ ಕೊಟ್ಟಳು. ತೆರೆದ ಅಲಗು ದಿಂಬನ್ನು ಸೀಳಿ, ಕೂಸಿನ ಭುಜದ ಪಕ್ಕದಲ್ಲೇ ಹೊರಬಂದಿತ್ತಂತೆ. ಮೀರಾಬಾಯಿಯ ದನಿ ತಗ್ಗಿದ್ದರೂ ಗಡಸು ಹೋಗಿರಲಿಲ್ಲ. ಇದು ತನ್ನ ಮಗನ ಕಿವಿಗೆ ಬಿದ್ದರೆ ನೆಟ್ಟಗಾಗದು ಎಂದು ಬೆದರಿಸುವಂತೆಯೇ ಹೇಳಿದಳು.

…

"ಅಳಿಯಂದಿರಿಗೆ ನಾ ಯಾಕ ಹೇಳ್ಲಿ?… ಇಲ್ರಿ, ಆಣಿ ಬ್ಯಾಡ್ರಿ, ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ. ನೀವೂ ನೀಲಾಗ ಹೇಳಬ್ಯಾಡ್ರಿ. ಅಕಿ ರಾತ್ರಿ ಕಣ್ಣು ಮುಚ್ಚಂಗಿಲ್ಲ… ದಿಂಬಿನ ಕೆಳಗ ಒಂದು ಕೀಲಿಕೈ ಇಡ್ರಿ. ಅದೂ ಕಬ್ಬಿಣನೇ, ಅಲ್ಲೇನ್ರಿ?… ಏನಂದ್ರಿ?… ಏನು ಖರೇ ಹೇಳಬೇಕು?"

ಕಿತ್ತ ಪಟ್ಟಿ ಮೀರಾಬಾಯಿಯ ಕೈಯಲ್ಲೇ ಇತ್ತು. ಒಳಮಗ್ಗುಲಿಗೆ ಕಟ್ಟಿಗೆಯಂತೆ ಎಳೆ ಎಳೆಯಾಗಿ ಏನೋ ಕಾಣುತ್ತಿದೆ, ಇದು ಖರೇ ಕೋಡೇನು ಎಂದು ಅವಳು ಕೇಳುತ್ತಿದ್ದಳು. ಅಂಗಡಿಯಲ್ಲಿ ಎಲ್ಲರೂ ಇನ್ನೂ ಇದ್ದರು. ಈಗ ಒಂದು ಮಾತು ಜೋರಾಗಿ ಹೇಳಿದರೆ ಸಾಕಿತ್ತು. ಆದರೆ ಆ ಕಡೆ ಕೂಸು ಇನ್ನೂ ಬಿಕ್ಕುತ್ತಿತ್ತು.

…

"ಆ ಮಾತು ಇರ್ಲಿ ಬಿಡ್ರಿ… ಕೂಸನ್ನ ಎತ್ಕೊಂಡೀರಲ್ಲ? ಹೆಗಲಿಗೆ ಹಾಕ್ಕೋರಿ. ಬೆನ್ನು ತಟ್ಟಬ್ಯಾಡ್ರಿ, ಸುಮ್ಮ ಕೈ ಇಡ್ರಿ ಸಾಕು… ಹಾಂ… ಹಾಂ, ಹಂಗೇ… ಸುಮ್ಮಾತಲ್ಲ. ನೋಡ್ರಿ, ಸುಮ್ಮಾತು… ಮಲಗ್ತಾ?… ಮಲಗ್ತು… ಅಕ್ಕಾರ, ಈಗ ಕೇಳ್ರಿ. ಆ ಹಿಡಿ ನಮ್ಮ ಮಂಚದ—"

ಲೈನು ಕಟ್ಟಾಯಿತು.