ನನ್ನ ಪರವಾಗಿ ಬೈದ ನಾರಪ್ಪ

ಅಧ್ಯಕ್ಷ ಸ್ಥಾನದಲ್ಲಿರುವ ಪೂಜ್ಯ ಪಾದ್ರಿಗಳೇ, ಎಡಪ್ಪಾಡಿಯಿಂದ ಗಾಡಿ ಕಟ್ಟಿಸಿಕೊಂಡು ಬಂದ ಮಗ್ಗದ ಸಾಹುಕಾರರೇ, ಬೆಂಚಿನ ಮೇಲೆ ಕೂತ ಸಭಿಕರೇ, ನೆಲದ ಮೇಲೆ ಕೂತ ನನ್ನ ಕ್ವಾರಿಯ ಆಳುಗಳೇ,

ಕಲ್ಲಿನ ಕಂಟ್ರಾಕ್ಟರ್ ಚಿನ್ನರಾಜ್ ಯಾರೆಂದು ಈ ನಂಗವಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಮೆಟ್ಟೂರಿನಲ್ಲಿ ಏಳುತ್ತಿರುವ ಅಣೆಕಟ್ಟಿನೊಳಗೆ ನನ್ನ ಕಲ್ಲಿದೆ. ಆ ಕಲ್ಲಿನೊಳಗೆ ನನ್ನ ಬೈಗುಳವಿದೆ. ಬೈಯದೆ ಮೇಲೆದ್ದ ಕಲ್ಲು ಒಂದಿದ್ದರೆ ತೋರಿಸಿ!

ಅಂಥ ನಾನು ಕ್ರೈಸ್ತನಾದೆ. ಮರು ಭಾನುವಾರವೇ ಪಾದ್ರಿಗಳು ಬೋಧನೆ ಮಾಡಿದರು: ಸಹೋದರನ ಮೇಲೆ ಸಿಟ್ಟಾದವನಿಗೆ ತೀರ್ಪು ಕಾದಿದೆ, ಅವನನ್ನು ಮೂರ್ಖ ಎಂದವನಿಗೆ ನರಕದ ಬೆಂಕಿ ಕಾದಿದೆ. ನಾನು ಎದ್ದು ಕೇಳಿದೆ, "ಕಲ್ಲು ಹೊರುವವರೂ ಸಹೋದರರೇ?" "ಅವರೇ ಮೊದಲು" ಎಂದರು. ಸಭಿಕರೇ, ನನ್ನನ್ನು ನೀರಿನಲ್ಲಿ ಮುಳುಗಿಸುವುದಕ್ಕೆ ಮುಂಚೆ ಇದನ್ನು ಹೇಳಬಾರದಿತ್ತೆ?

ಆದರೂ ನಾನು ಮಾತಿಗೆ ತಪ್ಪುವವನಲ್ಲ. ಸೋಮವಾರ ಬಾಯಿ ಕಟ್ಟಿದೆ. ಅಂದೇ ಗುಡ್ಡದಿಂದ ಒಂದು ಬಂಡೆ ಜಾರಿತು. ಕೆಳಗೆ ಒಬ್ಬ ಬೆನ್ನು ಹಾಕಿ ಕೂತಿದ್ದ. ಕತ್ತೆ ಎನ್ನುವ ಹಾಗಿಲ್ಲ. ಹೆಸರು ಗೊತ್ತಿಲ್ಲ. ವರ್ಷಗಟ್ಟಲೆ ನನ್ನಲ್ಲೇ ದುಡಿದವನು, ಹೆಸರು ಕೇಳುವ ಸಂದರ್ಭವೇ ಬಂದಿರಲಿಲ್ಲ. "ಸಹೋದರನೇ!" ಎಂದು ಕೂಗಿದೆ. ಯಾರೂ ತಿರುಗಲಿಲ್ಲ. ಅವರನ್ನು ಹಾಗೆ ಯಾರು ಕರೆದಿದ್ದರು? ಬಂಡೆ ಬಂದು ಅವನ ಪಾದದ ಮೇಲೆ ಕೂತಿತು. ಒಳ್ಳೆಯ ಮಾತು ಬಡವನಿಗೆ ಎಷ್ಟು ಅಪಾಯ, ನೋಡಿದಿರಾ?

ಆಗ ನೇಮಿಸಿದೆ ಈ ನಾರಪ್ಪನನ್ನು. ಇನ್ನೂ ಕ್ರೈಸ್ತನಾಗದ ಆಳು, ತಾರಮಂಗಲದ ಗುಡಿಯ ಗಂಟೆಯಂಥ ಕಂಠ. ಸಿಟ್ಟು ನನ್ನದು, ಬಾಯಿ ಅವನದು. ನಾನು ಕಣ್ಣು ಕೆಂಪು ಮಾಡಿದರೆ ಸಾಕು, ಎದುರಿಗಿದ್ದವರ ತಾಯಿಯಿಂದ ಶುರು ಮಾಡುತ್ತಿದ್ದ. ಒಮ್ಮೆ ಅವನ ಹೆಂಡತಿ ಎಲ್ಲಮ್ಮ ಬುಟ್ಟಿ ಇಳಿಸಿ ನಿಂತಿದ್ದಳು. ನಾನು ನೋಡಿದೆ. ಇವನು ತನ್ನ ಅತ್ತೆಯನ್ನೇ ಬೈದ, ಪುಣ್ಯಾತ್ಮ! ಅಂದು ಮನೆಯಲ್ಲಿ ಅವನಿಗೆ ಮುದ್ದೆ ಸಿಗಲಿಲ್ಲವಂತೆ. ನಾನು ಮಾತ್ರ ಪರಿಶುದ್ಧನಾಗಿ ಊಟ ಮಾಡಿದೆ.

ಈಚೆಗೆ ಬಂದು ನಿಂತ. "ಸಾಮಿ, ನಾನೂ ನಿಮ್ ದೇವ್ರ ನೀರಾಗ್ ಮುಳುಗ್ತೀನಿ. ಇನ್ನ ಬೈಯಾಕಾಗಲ್ಲ."

"ಯಾಕ್ಲಾ? ನೆಳ್ಳಾಗ್ ನಿಂತು ಕೂಗಾದು ತಾನೇ? ಕಲ್ ಒರು ಅಂದ್ನಾ?"

"ನಿಮ್ಗೆ ಅತ್ತೋ ಬೆಂಕಿಗೆ ನಾನ್ಯಾಕ್ ಸಾಮಿ ಸೌದೆ ಆಗ್ಲಿ?"

ಪಾದ್ರಿಗಳು ಅವನಿಗೆ ಹೇಳಿದರಂತೆ, ಬೈಸಿಕೊಂಡವರ ಹತ್ತಿರ ಹೋಗಿ ರಾಜಿಯಾಗು, ಆಮೇಲೆ ನೀರಿಗಿಳಿ ಎಂದು. ಹೋದ. ಕಲ್ಲು ಹೊರುವ ಸಪ್ಪಲಮ್ಮನ ಮುಂದೆ ಕೈ ಮುಗಿದ. ಆಕೆ ಎಂದಳು, "ಓಗ್ಲಾ, ನಿನ್ ಬಾಯಿ ಬರೀ ತಮಟೆ. ಬಡ್ದೋನು ಬಂದು ಕೇಳ್ಲಿ." ಉಳಿದವರೂ ಅದೇ ಹಟ ಹಿಡಿದರು. ಹೀಗೆ, ಮಹನೀಯರೇ, ನಾರಪ್ಪನ ದೀಕ್ಷಾಸ್ನಾನ ನನ್ನ ನಾಲಗೆಯ ತುದಿಯಲ್ಲಿ ಸಿಕ್ಕಿಕೊಂಡಿತು. ಅದಕ್ಕಾಗಿಯೇ, ಬೈಯುವ ಕೆಲಸದಿಂದ ಅವನಿಗೆ ಈ ಬೀಳ್ಕೊಡುಗೆ ಸಭೆ.

ಒಬ್ಬೊಬ್ಬರ ಹೆಸರು ಹಿಡಿದು ನಾನು ಕ್ಷಮೆ ಕೇಳಬೇಕೆಂದು ಪಾದ್ರಿಗಳ ಅಪ್ಪಣೆ. ಬೇಡ ಎಂದೆನೇ? ಆದರೆ ಹೆಸರುಗಳು ಗೊತ್ತಿರುವುದು ಯಾರಿಗೆ? ನಾರಪ್ಪನಿಗೆ. ಗಂಟಲು ಪಳಗಿರುವುದು ಯಾರದು? ನಾರಪ್ಪನದು. ಆದ್ದರಿಂದ ನನ್ನ ಪರವಾಗಿ ಬೈದವನೇ ನನ್ನ ಪರವಾಗಿ ಕ್ಷಮೆಯನ್ನೂ ಕೇಳತಕ್ಕದ್ದೆಂದು ತೀರ್ಮಾನಿಸಿದ್ದೇನೆ. ಏಳು ನಾರಪ್ಪ. ನಾನು ಕುರ್ಚಿಯಲ್ಲಿ ಕೂತು ತಲೆ ತಗ್ಗಿಸುತ್ತೇನೆ, ನೀನು ಶುರು ಮಾಡು.

ಯಾಕೆ ನಗುತ್ತೀರಿ? ಸಪ್ಪಲಮ್ಮ ಯಾಕೆ ಎದ್ದಳು? ಅವನ ಕೈ ಹಿಡಿದು ಏನನ್ನುತ್ತಿದ್ದಾಳೆ? "ಬಾರ್ಲಾ, ನಿನ್ ತಪ್ಪ ನಾವ್ ಬುಟ್ಟಾಯ್ತು" ಎನ್ನುತ್ತಿದ್ದಾಳೆ! ನೀವೆಲ್ಲ ಎಲ್ಲಿಗೆ? ಕೆರೆಗೇ? ಅಧ್ಯಕ್ಷರೇ, ತಾವೂ ಅವರ ಹಿಂದೆ ಹೊರಟರೆ ಹೇಗೆ? ನಾನಿನ್ನೂ ಕ್ಷಮೆ ಕೇಳಿಸಿಲ್ಲ! ನಾಳೆ ಕಲ್ಲು ಹೊರುವವರು ಯಾರು?

ಇರಲಿ. ಬೆಂಚಿನ ಮೇಲೆ ಉಳಿದವರಿಗೆ ನನ್ನ ವಂದನೆಗಳು. ಎದ್ದು ಹೋದವರಿಗೆ ಹೇಳಬೇಕಾದದ್ದು ಗಂಟಲ ತನಕ ಬಂದು ನಿಂತಿದೆ. ಅದನ್ನು ಹೇಳುವ ಆಳು ಅವರ ಜೊತೆಯಲ್ಲೇ ಹೋದ.

ನಮಸ್ಕಾರ.