ಬದಲಿ ಇಂಜಿನ್ನಿನ ಬಗ್ಗೆ ರಾಮಯ್ಯನವರು ಹೇಳಿದ್ದ ಮಾತು

ನನ್ನ ಹೆಸರು ಪಿಳ್ಳಮ್ಮ, ವಯಸ್ಸು ಐವತ್ತು, ಕಸುಬು ವ್ಯವಸಾಯ, ವಾಸ ಮಾಕಳಿ ಗ್ರಾಮ. ಗಂಡ ಶ್ಯಾಮಣ್ಣ, ನಿನ್ನೆ ತೀರಿಕೊಂಡರು. ಅವರ ಸಾವಿನ ವಿಚಾರವಾಗಿ ನಾನಾಗಿಯೇ ಠಾಣೆಗೆ ಬಂದು ಬರೆಸುವುದು ಏನೆಂದರೆ:

ನಮ್ಮಲ್ಲಿ ಇಪ್ಪತ್ತು ವರ್ಷದ ಹಳೆಯ ಟ್ರಾಕ್ಟರ್ ಇದೆ. ಅದರ ಇಂಜಿನ್ ಬಿರುಕು ಬಿಟ್ಟಿದ್ದರಿಂದ, ಪೀಣ್ಯದ ಗುಜರಿಯಲ್ಲಿ ಸಿಕ್ಕ ಬೇರೆ ಮಾಡೆಲ್ಲಿನ ಇಂಜಿನ್ನನ್ನು ಮೆಕ್ಯಾನಿಕ್ ರಾಮಯ್ಯನವರು ಮೂರು ದಿನ ನಮ್ಮ ಅಂಗಳದಲ್ಲೇ ಕೆಲಸ ಮಾಡಿ ಕೂರಿಸಿದರು. ದಿನಾಂಕ 11-11-1983ನೇ ಶುಕ್ರವಾರ ಬೆಳಿಗ್ಗೆ 9-15ಕ್ಕೆ ಕೊನೆಯ ಬೋಲ್ಟ್ ಬಿಗಿಯಾಯಿತು. ಕಾರ್ಖಾನೆ ಕೆಲಸದಲ್ಲಿರುವ ನನ್ನ ಮೈದುನ ಆಂಜಿನಪ್ಪ, "ಇದಕ್ಕೇ ಮಾಡ್ದಂಗೆ ಕೂತದೆ ಗುರು" ಎಂದ. ಅದಕ್ಕೆ ರಾಮಯ್ಯನವರು, ತೂತಿಗೆ ತೂತು ಸೇರಿದ ಮಾತ್ರಕ್ಕೆ ಇಂಜಿನ್ ಹೊಂದಿತು ಅಂತಲ್ಲ, ಅಳೆದೇ ಕೂರಿಸಿದ್ದೇನೆ, ಆದರೂ ಒಳಗೆ ಕ್ಲಚ್ಚಿನ ಜಾಗ ಕಾಲಿಂಚು ಹೆಚ್ಚುಕಮ್ಮಿ ಇದ್ದರೆ ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ, ಹಿಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ ತಿರುಗಿಸಿ ನೋಡಬೇಕು ಎಂದು ತಿಳಿಸಿದರು. ಜಾಕ್ ಬಾಗಲಗುಂಟೆಯ ಅವರ ಶೆಡ್ಡಿನಲ್ಲಿತ್ತು. "ಅಕ್ಕ, ನಾನ್ ಬರೋಗಂಟ ಯಾರೂ ಮುಟ್ಬೇಡಿ" ಎಂದು ನನಗೇ ಹೇಳಿ 9-25ಕ್ಕೆ ಮೊಪೆಡ್ ಮೇಲೆ ಹೊರಟರು.

ಶುಕ್ರವಾರ 10-30ಕ್ಕೆ ರಾಹುಕಾಲ. ಅದರೊಳಗೆ ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಗಾಡಿ ಹೊರಡಿಸಬೇಕೆಂದು ನಾನು ಹಟ ಹಿಡಿದೆ. 10-15 ಆದರೂ ರಾಮಯ್ಯನವರು ಬರಲಿಲ್ಲ. ಯಜಮಾನರು, "ರಾಹು ನಿಂಗೇನ್ ಕಾಗ್ದ ಆಕವ್ನಾ? ಆವಯ್ಯ ಬರ್ಲಿ ತಡಿಯೇ" ಎಂದು ನಕ್ಕರು. ನಾನು, "ಎರಡು ಮಾರು ಓಡ್ಸಿ ಸಾಕು. ದೇವ್ರ ಕೆಲ್ಸಕ್ಕೂ ಜಾಕ್ ಬೇಕಾ?" ಎಂದೆ. ಹೀಗೆಂದದ್ದು ನಾನೇ, ಬೇರೆ ಯಾರೂ ಅಲ್ಲ.

ಆಂಜಿನಪ್ಪ ಸ್ಟಾರ್ಟ್ ಮಾಡಿದ. ಯಜಮಾನರು ಮುಂದಿನ ಬಲಗಡೆ ಚಕ್ರಕ್ಕೆ ನಿಂಬೆಹಣ್ಣು ಇಡಲು ಬಗ್ಗಿದ್ದರು. ಆಂಜಿನಪ್ಪ ಕ್ಲಚ್ ಪೂರಾ ತುಳಿದೇ ಗೇರ್ ಹಾಕಿದ. ಅವನ ಕಾಲು ಪೆಡಲ್ ಮೇಲೆಯೇ ಇದ್ದುದನ್ನು ನಾನು ಕಂಡೆ. ಆದರೂ ಗಾಡಿ ನುಗ್ಗಿ ಎಂಟು ಅಡಿ ಹೋಗಿ ಕಲ್ಲುಕಟ್ಟೆಗೆ ಗುದ್ದಿ ನಿಂತಿತು. ಯಜಮಾನರು ಗಾಲಿಯ ಅಡಿಯಲ್ಲಿದ್ದರು. ನಾನು ಆರತಿ ತಟ್ಟೆ ಹಿಡಿದು ಹತ್ತು ಅಡಿ ದೂರದಲ್ಲಿದ್ದೆ. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಆಮೇಲೆ ಓಡಿದೆ, ಬಿಸಾಡಲು ಹೊಳೆಯಲಿಲ್ಲ. ಅಷ್ಟರಲ್ಲಿ ಅವರ ಉಸಿರು ನಿಂತಿತ್ತು. ಆಗ 10-20.

10-40ಕ್ಕೆ ರಾಮಯ್ಯನವರು ಜಾಕ್ ಕಟ್ಟಿಕೊಂಡು ಬಂದರು. "ಯಾವ್ದೋ ಇಂಜಿನ್ ತಂದ್ ಕೂರ್ಸಿ ನಮ್ಮಣ್ಣನ್ ಸಾಯಿಸ್ದೆಯಲ್ಲೋ, ಅಡ್ಡಕಸಬಿ" ಎಂದು ಆಂಜಿನಪ್ಪನೂ ಊರವರೂ ಹೊಡೆದರು. ತಾನು ಬೇಡವೆಂದು ಹೇಳಿ ಹೋಗಿದ್ದೆನೆಂದು ಅವರು ಬಾಯಿ ಬಿಡಲಿಲ್ಲ. ಒಂದು ಸಲ ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಸುಮ್ಮನಿದ್ದೆ. ಪೊಲೀಸಿನವರು ಅವರನ್ನು ಜೀಪಿಗೆ ಹತ್ತಿಸಿದಾಗಲೂ ಸುಮ್ಮನಿದ್ದೆ.

ಈ ದಿನ ಬೆಳಿಗ್ಗೆ ಆಂಜಿನಪ್ಪ, "ಸತ್ತೋರು ಬರಾಕಿಲ್ಲ ಅತ್ತಿಗೆ, ಆ ಮಾತ್ ಈಗ್ಯಾಕೆ" ಎಂದು ಠಾಣೆಗೆ ಹೊರಟ ನನ್ನನ್ನು ತಡೆದ. ಯಜಮಾನರು ಇನ್ನೂ ಆಸ್ಪತ್ರೆಯ ಶವಾಗಾರದಲ್ಲಿದ್ದಾರೆ. ಅವರು ಮನೆಗೆ ಬಂದ ಮೇಲೆ ನಾನು ಹೊಸಿಲು ದಾಟುವಂತಿಲ್ಲ. ಅದಕ್ಕೇ ಮೊದಲು ಇಲ್ಲಿಗೆ ಬಂದೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ, ನಾನೂ ಓದಿದೆ. ನನ್ನ ತಪ್ಪನ್ನು ಕಡಿಮೆ ಮಾಡಿ ಬರೆಸಿಲ್ಲ, ದೇವರು ನೋಡುತ್ತಿದ್ದಾನೆ. ರಾಮಯ್ಯನವರ ಮೇಲೆ ನನ್ನ ದೂರು ಇಲ್ಲ. ಯಜಮಾನರ ಮಣ್ಣಿಗೆ ಅವರು ಬರಬೇಕು, ಅಷ್ಟರೊಳಗೆ ಅವರನ್ನು ಬಿಡಿ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12-11-1983
ಸಹಿ: ಪಿಳ್ಳಮ್ಮ